ಗಂಟಲಲ್ಲಿ ಎಂತದೂ ಸಿಕ್ಕಿರಲಿಲ್ಲ

ಕುಕ್ಕುಂದೂರಿನ ರೊಸಾರಿಯೊನ ಕುದುರೆ ಎರಡು ದಿನದಿಂದ ಹುಲ್ಲು ಮುಟ್ಟಿರಲಿಲ್ಲ. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ಹಿಂಗಾಲು ತೂರಾಡುತ್ತಿತ್ತು. ಪ್ರತಿ ಭಾನುವಾರ ಕಾಪು ಬೀಚಿನಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ಸಾಧು ಪ್ರಾಣಿ ಈಗ ತನ್ನ ಮುಂಗಾಲನ್ನೇ ಕಚ್ಚಿಕೊಳ್ಳುತ್ತಿತ್ತು.

"ಗಂಟಲಲ್ಲಿ ಎಂತದೋ ಸಿಕ್ಕಿದೆ" ಎಂದು ರೊಸಾರಿಯೊ ಬೆಳಿಗ್ಗೆ ಅದರ ಬಾಯಿಗೆ ಕೈ ಹಾಕಿ ತಡಕಾಡಿದ್ದ. ಹಿಂದಿನ ದಿನ ಹುಲ್ಲು ಕೊಯ್ಯುವಾಗ ಅದೇ ಕೈಯ ಬೆರಳಿಗೆ ಕತ್ತಿ ತಾಗಿತ್ತು. ಹೆಂಡತಿ ರೀನಾಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು. ಕೊನೆಗೆ ಪಶುವೈದ್ಯರಿಗೂ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಸುಗಂಧಿಗೂ ಫೋನ್ ಮಾಡಿ, ಗಂಡ ಗಾಯದ ಕೈಯನ್ನು ಕುದುರೆಯ ಬಾಯಿಗೆ ಹಾಕಿದ್ದನ್ನೂ ಹೇಳಿದಳು.

ಸುಗಂಧಿ ಬಂದವಳೇ ಬೇಲಿಯಾಚೆ ನಿಂತಳು. "ಇದಕ್ಕೆ ನಾಯಿ ಕಚ್ಚಿತ್ತಾ?"

"ತಿಂಗಳ ಹಿಂದೆ, ಗದ್ದೆಯಲ್ಲಿ ಮೇಯುವಾಗ, ಮೂತಿಗೆ. ಇವರು ಅರಶಿನ ಹಚ್ಚಿ ಬಿಟ್ಟರು" ಎಂದಳು ರೀನಾ.

"ರೊಸಾರಿಯೊ ಪೊರ್ಬುಗಳೇ, ಇದು ಹುಚ್ಚುನಾಯಿ ರೋಗದ ಹಾಗೆ ಉಂಟು. ಸೋಪು ಹಾಕಿ ಕೈ ತೊಳೆಯಿರಿ, ನಲ್ಲಿಯ ಕೆಳಗೆ ಹದಿನೈದು ನಿಮಿಷ. ಮತ್ತೆ ಸೀದಾ ಆಸ್ಪತ್ರೆಗೆ."

"ಎಂತ ಸುಗಂಧಿಯಕ್ಕ! ನಾಯಿ ಕಚ್ಚಿದ್ದು ಕುದುರೆಗೆ, ಸೂಜಿ ನನಗಾ? ನಾನೇನು ಬೊಗಳುತ್ತೇನಾ?"

"ಬೊಗಳುತ್ತೀರಿ, ಇಡೀ ಊರಿಗೇ ಗೊತ್ತುಂಟು!" ರೀನಾ ಸಿಡಿದಳು. "ಮೊದಲು ತೊಳೆಯಿರಿ!"

ಅವನು ಗೊಣಗುತ್ತಾ ನಲ್ಲಿ ತಿರುಗಿಸಿದ.

"ಗಂಟಲಲ್ಲಿ ಕೈಗೆ ಎಂತ ಸಿಕ್ಕಿತು?" ಸುಗಂಧಿ ಕೇಳಿದಳು.

"ಎಂತದೂ ಇಲ್ಲ."

"ಇರುವುದೂ ಇಲ್ಲ. ರೋಗ ನರದ ದಾರಿಯಲ್ಲಿ ಮಿದುಳಿಗೆ ಹೋಗಿ ನುಂಗುವ ಶಕ್ತಿಯನ್ನೇ ತೆಗೆಯುತ್ತದೆ. ರೋಗ ಇರುವುದು ಜೊಲ್ಲಿನಲ್ಲಿ. ನಿಮ್ಮ ಬೆರಳಿನಲ್ಲಿ ಗಾಯ ಉಂಟು. ಈಗಲೇ ಲಸಿಕೆ ಹಾಕಿಸಿದರೆ ಬದುಕುತ್ತೀರಿ. ಲಕ್ಷಣ ಕಾಣಿಸಿದ ಮೇಲೆ ಮಣಿಪಾಲಕ್ಕೆ ಹೋದರೂ ಮದ್ದಿಲ್ಲ ಮಾರಾಯ್ರೆ!"

ಅಷ್ಟರಲ್ಲಿ ಕುದುರೆ ನೀರಿನ ಬಾನಿಗೆ ಬಾಯಿ ಹಾಕಿತು. ಕುಡಿದ ನೀರೆಲ್ಲ ಮೂಗಿನಿಂದ ಹೊರಗೆ ಬಂತು. ರೊಸಾರಿಯೊನ ಕೈ ನಲ್ಲಿಯ ಕೆಳಗೇ ನಿಂತಿತು. ಅವನು ಎಂಜಲು ನುಂಗಿದ. ಇನ್ನೊಮ್ಮೆ ನುಂಗಿ ನೋಡಿಕೊಂಡ.

"ರೀನಾ, ಬೈಕಿನ ಕೀ ಎಲ್ಲಿ?"

ಕಾರ್ಕಳದ ಸರಕಾರಿ ಆಸ್ಪತ್ರೆಯಲ್ಲಿ ಲಸಿಕೆ ಕೊಟ್ಟರು, ಗಾಯದ ಸುತ್ತ ರೋಗಾಣುವನ್ನು ಅಲ್ಲೇ ತಡೆಯುವ ಬೇರೆ ಸೂಜಿಯನ್ನೂ ಚುಚ್ಚಿದರು. ಪಶುವೈದ್ಯರು ಕುದುರೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಮರುದಿನ ಅದು ಸತ್ತಿತು. ಪರೀಕ್ಷೆಯಲ್ಲಿ ರೇಬಿಸ್ ಎಂದೇ ಬಂತು. ರೊಸಾರಿಯೊ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಇವತ್ತು ಗಟ್ಟಿಮುಟ್ಟಾಗಿದ್ದಾನೆ, ಬೊಗಳುವುದೂ ನಿಂತಿಲ್ಲ.

ಓದುವವರೇ, ನಿಮಗೇ ಹೇಳುವುದು. ಕುದುರೆಯಾಗಲಿ, ದನವಾಗಲಿ, ಜೊಲ್ಲು ಸುರಿಸಿ ನುಂಗಲಾರದೆ ನಿಂತರೆ ಬಾಯಿಗೆ ಕೈ ಹಾಕಬೇಡಿ. ಕಷಾಯ ಕುಡಿಸಲೂ ಹೋಗಬೇಡಿ. ಪಶುವೈದ್ಯರನ್ನು ಕರೆಯಿರಿ. ಜೊಲ್ಲು ತಾಗಿದ್ದರೆ ಸೋಪಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಓಡಿ. ನಿಮ್ಮ ಪ್ರಾಣಿಗೆ ನಾಯಿ ಕಚ್ಚಿದರೆ ಅರಶಿನದ ಡಬ್ಬಿ ಹುಡುಕಬೇಡಿ, ಅದಕ್ಕೂ ಲಸಿಕೆ ಉಂಟು. ನಾಳೆ ನೋಡುವ ಎನ್ನಬೇಡಿ. ಈ ರೋಗಕ್ಕೆ ನಾಳೆ ಎಂಬುದಿಲ್ಲ.