ಮಾದಪ್ಪ ಉಂಡ ಮೊದಲ ತುತ್ತು

ಊರೂರು ತಿರುಗಿ ಹಾಡುವ ದೇವರಗುಡ್ಡ ಪುಟ್ಟಮಾದಪ್ಪನ ಕತೆಯಲ್ಲಿ ಮಾದಪ್ಪ ಬಹಳ ಹಸಿದ ದೇವರು. ಹುಲಿ ಏರಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಉಪವಾಸ ಬಿಟ್ಟು ಮೊದಲ ತುತ್ತು ಉಂಡದ್ದು ಸತ್ತೇಗಾಲದಲ್ಲಿ ಎಂದು ಪುಟ್ಟಮಾದಪ್ಪ ಸತ್ತೇಗಾಲದವರ ಮುಂದೆ ಹಾಡುತ್ತಿದ್ದ. ಯಳಂದೂರಲ್ಲಿ ಹಾಡುವಾಗ ಯಳಂದೂರಲ್ಲಿ. ಅವನಪ್ಪನೂ ಹಾಗೇ ಮಾಡುತ್ತಿದ್ದ. ತಮ್ಮೂರ ಹೆಸರು ಬಂದ ಕೂಡಲೇ ಜನ ಎದ್ದು ಕೈಮುಗಿಯುತ್ತಿದ್ದರು, ಜೋಳಿಗೆಗೆ ರಾಗಿ ಬೀಳುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ.

ಅರವತ್ತನಾಲ್ಕನೇ ಇಸವಿಯಲ್ಲಿ ಸತ್ತೇಗಾಲದ ಹುಡುಗಿಯೊಬ್ಬಳನ್ನು ಯಳಂದೂರಿಗೆ ಕೊಟ್ಟರು. ಮದುವೆಯ ಮಾರನೆಯ ದಿನ ಹೆಣ್ಣಿನ ಮನೆಯ ಚಪ್ಪರದಲ್ಲಿ ಹರಕೆಯ ಕತೆ. ಪುಟ್ಟಮಾದಪ್ಪ ಕಂಸಾಳೆ ಬಡಿಯುತ್ತ, ಕಣ್ಣು ಮುಚ್ಚಿ, ರೂಢಿಯಂತೆ ದೇವರನ್ನು ಸತ್ತೇಗಾಲದಲ್ಲಿ ಊಟಕ್ಕೆ ಕೂರಿಸಿದ.

"ನಿಲ್ಸಪ್ಪಾ ಗುಡ್ಡಪ್ಪಾ," ಎಂದಳು ಗಂಡಿನ ಅಜ್ಜಿ ಸುವರ್ಣಮ್ಮ. "ಓದ್ ವರ್ಸ ನಮ್ಮಟ್ಟಿ ಮುಂದೆ ಕುಂತ್ಕಂಡು ಮೊದಲ್ ತುತ್ತು ಯಳಂದೂರಲ್ಲೇ ಅಂದಿದ್ದಲ್ಲಾ? ಮುದ್ದೆ, ಅವರೆಕಾಳ್ ಸಾರು?"

ಕಂಸಾಳೆ ನಿಂತಿತು. ಕಣ್ಣು ತೆರೆದರೆ ಎರಡೂ ಊರಿನವರು ಎದುರಿಗೇ ಕೂತಿದ್ದರು. ದೇವರ ಕತೆಯಲ್ಲಿ ಸುಳ್ಳು ಹೇಳಿದ ಗುಡ್ಡನನ್ನು ಯಾವ ಊರೂ ಮತ್ತೆ ಕರೆಯುವುದಿಲ್ಲ. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಅಂಗೈ ಬೆವರಿತು.

ಅಷ್ಟರಲ್ಲಿ ಹೆಣ್ಣಿನ ಅಜ್ಜಿ ಶಿವರತ್ನಮ್ಮ ಎಲೆಅಡಿಕೆ ಉಗಿದು ಬಂದಳು. "ಬಾಯ್ಗೆ ಇಟ್ಟಿರ್ಬೌದು ಕಣವ್ವ ಬೀಗಿತ್ತಿ. ಸಾರಲ್ಲಿ ಉಪ್ಪಿರ್ನಿಲ್ಲ, ನುಂಗ್ನಿಲ್ಲ. ಗಂಟ್ಲಲ್ಲಿ ಇಳ್ದಿದ್ದು ನಮ್ಮೂರ ತುತ್ತೇ."

ಚಪ್ಪರದಲ್ಲಿ ನಗು ಎದ್ದಿತು.

"ನಮ್ ಸಾರ್ಗೆ ಉಪ್ಪಿರ್ನಿಲ್ವಾ!" ಸುವರ್ಣಮ್ಮ ಸೆರಗು ಸಿಕ್ಕಿಸಿದಳು. "ಅವ್ನ ಉಲಿ ಅಸ್ಕಂಡು ಗುರ್ ಅಂತು ಕಣವ್ವ. ದೇವ್ರು ಕರುಣೆ ಬಂದು ತನ್ ಮುದ್ದೇನೇ ಅದ್ಕೆ ಆಕ್ದ."

"ಉಲಿ ಮುದ್ದೆ ತಿಂದದಾ?"

"ಮಾದಪ್ಪನ ಉಲಿ ಕಣವ್ವ, ಏನಿಕ್ಕುದ್ರೂ ತಿಂತದೆ."

"ಅಂಗಾದ್ರೆ ನಿಮ್ಮೂರಲ್ಲಿ ಉಂಡಿದ್ದು ಉಲಿ, ನಮ್ಮೂರಲ್ಲಿ ದೇವ್ರು!"

ಸುವರ್ಣಮ್ಮನಿಗೂ ನಗು ತಡೆಯಲಾಗಲಿಲ್ಲ. "ಆಗ್ಲಿ ಬುಡವ್ವ. ಉಲಿ ಮುಂದೆ ತಟ್ಟೆ ಇಟ್ಟೋರು ನಾವು. ನಿಮ್ಮೂರೋರ್ಗೆ ಆ ಎದೆ ಐತಾ?"

ಪುಟ್ಟಮಾದಪ್ಪನ ಉಸಿರು ಹಿಂದಿರುಗಿತು. ಇಪ್ಪತ್ತು ವರ್ಷ ತಾನು ಹೇಳಿದ ಒಂದೊಂದು ಸಾಲಿಗೆ ಬೇರೆಯವರು ಹೂಂ ಅನ್ನುತ್ತಿದ್ದರು. ಈಗ ಅವನೇ ಕಂಸಾಳೆಯನ್ನು ಮೆಲ್ಲಗೆ ತಟ್ಟಿ, "ಹೂಂ, ಆಮ್ಯಾಕೆ?" ಎಂದ. ಮುದುಕಿಯರು ಹುಲಿಗೆ ಮಜ್ಜಿಗೆ ಕುಡಿಸಿ, ದೇವರಿಗೆ ಎಲೆಅಡಿಕೆ ಕೊಟ್ಟು, ಇಬ್ಬರನ್ನೂ ಬೆಟ್ಟ ಹತ್ತಿಸುವಷ್ಟರಲ್ಲಿ ಮಧ್ಯಾಹ್ನದ ಊಟ ತಣ್ಣಗಾಗಿತ್ತು.

"ಸರಿ ಐತಾ ಗುಡ್ಡಪ್ಪಾ ಕತೆ?" ಎಂದು ಮುದುಕಿಯರು ಕೇಳಿದರು.

"ನನ್ನೇನ್ ಕೇಳೀರಿ? ನಾನು ಹೂಂ ಅನ್ನೋನು ಕಣ್ರವ್ವಾ."

ಎರಡೂ ಊರಿನವರು ಜೋಳಿಗೆ ತುಂಬಿಸಿದರು.

ಮುಂದಿನ ವಾರ ಮಾರ್ಟಳ್ಳಿಯಲ್ಲಿ ಅವನು ಹೊಸ ಕತೆಯನ್ನೇ ಹಾಡಿದ: ಯಳಂದೂರಲ್ಲಿ ಹುಲಿ ಉಂಡಿತು, ಸತ್ತೇಗಾಲದಲ್ಲಿ ದೇವರು ಉಂಡ. ನಮ್ಮೂರಲ್ಲಿ ದೇವರು ಏನೂ ಉಣ್ಣಲಿಲ್ಲವಾ ಎಂದು ಮಾರ್ಟಳ್ಳಿಯ ಹೆಂಗಸರು ಒಪ್ಪಲಿಲ್ಲ. ಪುಟ್ಟಮಾದಪ್ಪ ಈ ಸಲ ಬೆವರಲಿಲ್ಲ. ಕಾಲು ಚಾಚಿ ಕೂತು, "ಅಂಗಾದ್ರೆ ಕತೆಯ ನೀವೇ ಏಳಿ, ನಾನು ಹೂಂ ಅಂತೀನಿ," ಎಂದ.