ಸಿಂಗಾರವೇಲಣ್ಣನ ಮುಂದಿನ ಹಲ್ಲುಗಳು

ಮಜ್ಜೆಯ ಕ್ಯಾನ್ಸರಿನಿಂದ ಬದುಕಿ ಬರಲು ಏನೇನು ತೆರಬೇಕೆಂದು ಮದ್ರಾಸಿನ ದೊಡ್ಡ ಡಾಕ್ಟರು ಮೊದಲೇ ಹೇಳಿದ್ದರು: ತಲೆಗೂದಲು, ನಾಲಿಗೆಯ ರುಚಿ, ಒಂದಿಡೀ ಮದುವೆ ಸೀಸನ್ನು. ಕೆಟ್ಟ ಹಲ್ಲುಗಳಿದ್ದರೆ ಅವೂ ಹೋಗಬೇಕು. ಕೂದಲು, ರುಚಿ, ಮದುವೆಗಳು ಮತ್ತೆ ಬರುತ್ತವೆ. ಸಿಂಗಾರವೇಲಣ್ಣ ಹೆದರಿದ್ದು ಹಲ್ಲಿಗೆ.

ಕುಂಭಕೋಣದ ಸುತ್ತಮುತ್ತ ಅವನ ನಾದಸ್ವರಕ್ಕೆ ನನ್ನದೇ ಡೋಲು. ಅವನ ತೋಡಿ ರಾಗ ಕೇಳಲೆಂದೇ ಜನ ಮದುವೆಗೆ ಬರುತ್ತಿದ್ದರು. ಮುಹೂರ್ತ ಮುಗಿಸಿ ಬಸ್ಸಿಗೆ ಕಾಯುವಾಗ ಅವನು ಎಳೆ ವೀಳ್ಯದೆಲೆಗೆ ಸುಣ್ಣ ಸವರಿ ಮೊದಲು ನನಗೆ ಕೊಡುತ್ತಿದ್ದ. ಹುಡುಗಿ ಕಡೆಯವರ ಪಾಯಸವನ್ನೂ ಗಂಡಿನ ಮಾವನ ಮೀಸೆಯನ್ನೂ ಆಡಿಕೊಂಡು ನಗುತ್ತಿದ್ದೆವು. ಎಂಥ ದಿನಗಳು ಅವು! ಆ ಎಲೆಯಡಿಕೆಯೇ ಅವನ ಒಸಡನ್ನು ತಿಂದುಹಾಕಿತ್ತು.

ಅವನದೇ ಕಾಂಡಕೋಶಗಳನ್ನು ತೆಗೆದಿಟ್ಟು, ಭಾರಿ ಔಷಧಿಯಿಂದ ಮಜ್ಜೆಯನ್ನು ಬರಿದು ಮಾಡಿ, ಮತ್ತೆ ಅವನ್ನೇ ಮೈಗೆ ಸೇರಿಸುವ ಚಿಕಿತ್ಸೆ ಅದು. ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರ ಒಪ್ಪಿಗೆ ಬೇಕು. ಡಾಕ್ಟರ್ ಯಾಳಿನಿ ನಮ್ಮ ಮಗಳ ವಯಸ್ಸಿನವಳು. ಎಕ್ಸ್‌ರೇ ತೋರಿಸಿದಳು.

"ಮೇಲಿನ ಈ ಎರಡು ಮುಂದಿನ ಹಲ್ಲಿನ ಬುಡ ಕೆಟ್ಟಿದೆ, ಅಲ್ಲಾಡ್ತಾನೂ ಇವೆ ಅಪ್ಪಾ. ಹಳೇದಾಗಿ ಸುಮ್ಮನಿದ್ರೆ ಬಿಟ್ಟು ನೋಡ್ಕೋಬಹುದು. ನೋವು, ಕೀವು ಇದ್ರೆ ಕೀಳಲೇಬೇಕು. ಔಷಧಿ ಕೊಟ್ಮೇಲೆ ನಿಮ್ಮ ಮೈಗೆ ಕಾದಾಡೋ ಶಕ್ತಿ ಇರಲ್ಲ. ನಂಜು ರಕ್ತಕ್ಕಿಳಿದ್ರೆ ಉಳಿಸ್ಕೊಳ್ಳೋದು ಕಷ್ಟ. ನೋವಿದೆಯಾ?"

"ಎಲ್ಲಿ ನೋವು ತಾಯಿ? ಕಬ್ಬು ತರಿಸು, ಸಿಗಿದು ತೋರಿಸ್ತೀನಿ."

ಅವಳು ಹಲ್ಲನ್ನು ತಟ್ಟಿ ನೋಡಿದಾಗಲೂ ಅವನು ರೆಪ್ಪೆ ಅಲುಗಿಸಲಿಲ್ಲ.

ನನಗೆ ಗೊತ್ತಿತ್ತು. ಡೋಲಿನವನು ನಾದಸ್ವರದವನ ತುಟಿಯ ಮೇಲೆ ಕಣ್ಣಿಟ್ಟೇ ಬಾರಿಸುವುದು. ಉಸಿರು ಎಲ್ಲಿ ನಿಲ್ಲುತ್ತದೆಂಬುದು ಅಲ್ಲಿಯೇ ಮೊದಲು ಕಾಣುತ್ತದೆ. ಸಂಕ್ರಾಂತಿ ಕಳೆದ ತೈ ತಿಂಗಳ ಮದುವೆಗಳಿಂದ ಅವನು ಬಾಯಿಗಿಡುವ ಪೀಪಿಯನ್ನು ನಡುವೆ ಇಡದೆ ಎಡಕ್ಕೆ ಸರಿಸಿ ಊದುತ್ತಿದ್ದ.

"ಸುಳ್ಳು ಡಾಕ್ಟರಮ್ಮ," ಎಂದೆ. "ಎಷ್ಟೋ ತಿಂಗಳಿಂದ ಓರೆ ಬಾಯಲ್ಲಿ ಊದ್ತಿದ್ದಾನೆ. ಲವಂಗ ಕಚ್ಕೊಂಡೇ ಮಲಗ್ತಾನೆ."

"ಲೋ ದೊರೈಕಣ್ಣು! ಚರ್ಮ ಬಡಿಯೋನಿಗೆ ಹಲ್ಲಿನ ಪಂಚಾಯ್ತಿ ಯಾಕೋ? ನಿನ್ನ ಕೈ ಕತ್ತರಿಸ್ತೀನಿ ಅಂದ್ರೆ ಒಪ್ತೀಯೇನೋ?"

"ಒಪ್ಪಲ್ಲ ಅಣ್ಣ. ನೀನು ಪಕ್ಕದಲ್ಲಿ ನಿಂತು ಬೈದು ಒಪ್ಪಿಸ್ತೀಯ."

ಅವನ ಹೆಂಡತಿ ಮಂಗಳಂ ಅತ್ತಿಗೆ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಿಮ್ಮ ಪೀಪಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಗಂಜಿ ಕುಡ್ಕೊಂಡು, ನನ್ನ ಬೈಕೊಂಡು ಬದುಕಿರಿ, ಸಾಕು."

ಅವನು ಯಾಳಿನಿಯತ್ತ ತಿರುಗಿ ಕೇಳಿದ: "ಕಟ್ಟಿಸ್ಕೊಂಡ ಹಲ್ಲಲ್ಲಿ ಊದಕ್ಕಾಗುತ್ತೇನಮ್ಮ?"

"ಊಟ ಮಾಡಬಹುದು ಅಪ್ಪಾ. ಊದೋದಕ್ಕೆ ನಾನು ಮಾತು ಕೊಡಲ್ಲ."

ಅವನು ಬಾಯಿ ತೆರೆದ.

ಎರಡೂ ಹಲ್ಲು ಕಿತ್ತು, ಒಸಡು ಮಾಯುವವರೆಗೆ ಕಾದು ಚಿಕಿತ್ಸೆ ಶುರುಮಾಡಿದರು. ಬಾಯೆಲ್ಲ ಹುಣ್ಣಾಯಿತು, ಜ್ವರ ಏರಿ ಇಳಿಯಿತು, ಹೊಸ ರಕ್ತ ಹುಟ್ಟಿತು. ಊರಿಗೆ ಬಂದ ಮೇಲೆ ಕಟ್ಟಿಸಿಕೊಂಡ ಹಲ್ಲಿನಲ್ಲಿ ಒಂದು ಸಲ ಊದಿ ನೋಡಿದ. ಬರೀ ಗಾಳಿ ಸೋರಿತು. ನನ್ನತ್ತ ನೋಡಿ, "ನೀನೂ ಕೇಳಿದ್ಯಲ್ಲ?" ಎಂದಷ್ಟೇ ಅಂದು ವಾದ್ಯವನ್ನು ಒರೆಸಿ ಚೀಲಕ್ಕೆ ಹಾಕಿದ.

ಈಗ ನಾನು ಬೇರೆಯವರಿಗೆ ಬಾರಿಸುತ್ತೇನೆ. ಅವರೂ ಚೆನ್ನಾಗಿಯೇ ಊದುತ್ತಾರೆ. ಆದರೆ ಅವನ ತೋಡಿ ಇನ್ನು ಯಾರ ಕಿವಿಗೂ ಬೀಳುವುದಿಲ್ಲ. ಅಣ್ಣ ಉಳಿದ, ತೋಡಿ ಹೋಯಿತು.