ಭಾನುವಾರ ಮಾತ್ರ ನೋಡಿದ ಮನೆ

ನಮ್ಮ ಬಾಡಿಗೆ ಮನೆಯ ಬಚ್ಚಲಿನ ಸೂರು ಮತ್ತೆ ತೊಟ್ಟಿಕ್ಕತೊಡಗಿತ್ತು. ಮಹಡಿಯವರು ಮಿಂದ ನೀರು ನಮ್ಮ ತಲೆಯ ಮೇಲೆ. ಭಾವ ಮಾಲೀಕರಿಗೆ ಫೋನ್ ಮಾಡಿ ಮಾಡಿ ಸಾಕಾದರು. ಅವರು ಎತ್ತಲೇ ಇಲ್ಲ.

“ಬಾಡಿಗೆ ಒಂದು ದಿನ ತಡವಾಗ್ಲಿ, ಆಗ ನೋಡು, ಬಾಗಿಲಲ್ಲೇ ಪ್ರತ್ಯಕ್ಷ!” ಎಂದು ಭಾವ ಗುಡುಗಿದರು. “ಕಂಡೋರ ಹೊಟ್ಟೆ ತುಂಬಿಸಿದ್ದು ಸಾಕು. ನಾವೂ ಒಂದು ಮನೆ ತಗೊಂಡು ಬಾಡಿಗೆಗೆ ಬಿಡೋಣ. ಕೆಲಸಕ್ಕೆ ಹತ್ತಿರ ಅಂತ ನಾವು ಇಲ್ಲೇ ಇರೋಣ. ಆ ಬಾಡಿಗೇಲಿ ಸಾಲದ ಕಂತು ತೀರುತ್ತೆ.”

ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಭಾವ ಸಿಟಿ ಬಸ್ ಓಡಿಸುತ್ತಾರೆ. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಾಳೆ. ನಾನು ಮನೆಯಲ್ಲೇ ಕುಳಿತು ಗುಂಡಿ ಹಾಕುತ್ತೇನೆ. ಅವರಿಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ಭಾನುವಾರ. ಹಾಗಾಗಿ ಮನೆ ನೋಡಲು ಹೊರಟದ್ದೂ ಭಾನುವಾರವೇ.

ಮನೆ ತೋರಿಸಿದ ಬ್ರೋಕರ್‌ನನ್ನು ಎಲ್ಲರೂ ಸಕ್ಕರೆಬಾಯಿ ಎಂದೇ ಕರೆಯುತ್ತಿದ್ದರು.

“ನಿಮ್ಮಂಥ ದುಡಿಯೋರಿಗೆ ಅಂತಾನೇ ಇಟ್ಟಿರೋ ಮನೆ ಸಾರ್. ಸದ್ದಿಲ್ಲ, ಗದ್ದಲ ಇಲ್ಲ. ಸೂಜಿ ಬಿದ್ರೂ ಕೇಳಿಸುತ್ತೆ!”

ಗಲ್ಲಿಯ ಕೊನೆಯಲ್ಲಿ ಎರಡು ಕೋಣೆಯ ಮನೆ. ಹೊಸ ಸುಣ್ಣ ಬಳಿದಿದ್ದರು. ಬೆಲೆಯೂ ಕಡಿಮೆ. ಒಳಗೆ ಬಾಡಿಗೆಗಿದ್ದ ಹೆಂಗಸು ಹಸುಗೂಸನ್ನು ಸೊಂಟದಲ್ಲಿಟ್ಟುಕೊಂಡು ತುಟಿ ಹೊಲಿದವಳಂತೆ ನಿಂತಿದ್ದಳು. ಭಾವ ಗೋಡೆ ತಟ್ಟಿ ನೋಡಿ ತಲೆಯಾಡಿಸುತ್ತಿದ್ದಾಗ ನಾನು ಅಡುಗೆಮನೆಗೆ ಹೋದೆ. ಅಲ್ಲಿ ನನ್ನ ತಲೆಗಿಂತ ಎತ್ತರದ ಶೆಲ್ಫಿನಲ್ಲಿ ಲೋಟಗಳ ಮುಂದೆ ಅಡ್ಡಲಾಗಿ ದಾರ ಕಟ್ಟಿತ್ತು. ಗೋಡೆ ಗಡಿಯಾರ ಗೋಡೆಯ ಮೇಲಿರಲಿಲ್ಲ. ಪೆಟ್ಟಿಗೆಯ ಮೇಲೆ ಅಂಗಾತ ಮಲಗಿತ್ತು.

“ಈ ದಾರ ಯಾಕೆ ಅಕ್ಕಾ?” ಎಂದು ಆ ಹೆಂಗಸನ್ನು ಮೆಲ್ಲಗೆ ಕೇಳಿದೆ.

ಅವಳು ಹೊರಗಿದ್ದ ಸಕ್ಕರೆಬಾಯಿಯ ಕಡೆ ನೋಡಿದಳು. “ಮಗು ಎಳೆಯುತ್ತೆ ಅಂತ,” ಎಂದಳು.

ಆ ಮಗುವಿಗೆ ಇನ್ನೂ ತೆವಳಲೂ ಬರುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಎದುರುಮನೆಯ ನರ್ಸಕ್ಕನ ಮುಂದೆ ಇದನ್ನು ಹೇಳಿದೆ. ನರ್ಸಕ್ಕ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡಿಕೊಂಡೇ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಬಿಟ್ಟವಳು. ನೇರವಾಗಿ ನಮ್ಮನೆಗೇ ಬಂದಳು.

“ಅಣ್ಣ, ಆ ಮನೇನ ಕೆಲಸದ ದಿನ ನೋಡಿದ್ರಾ?”

“ಕೆಲಸದ ದಿನ ಬಸ್ ಯಾರು ಓಡಿಸ್ತಾರೆ ನರ್ಸಮ್ಮ, ನಿಮ್ಮ ರೋಗಿಗಳಾ?”

“ದುಡಿಯೋರು ಮೋಸ ಹೋಗೋದೇ ಇಲ್ಲಿ. ನಮಗೆ ರಜೆ ಇದ್ದಾಗ ಊರಿಗೆಲ್ಲ ರಜೆ. ಅವತ್ತು ಎಲ್ಲಾ ಮನೇನೂ ಚೆನ್ನಾಗೇ ಕಾಣುತ್ತೆ. ನಾಳೆ ಸೋಮವಾರ. ರಜೆ ಹಾಕಿ, ಬ್ರೋಕರ್‌ಗೆ ಹೇಳದೆ ಹೋಗಿ.”

“ಒಂದು ದಿನದ ಸಂಬಳ ಹೋಗುತ್ತೆ! ನಾಳೆ ಸಂಜೆಗೆ ಮುಂಗಡ ಕೊಡ್ಬೇಕು. ಇನ್ನೊಬ್ರು ಕಾಯ್ತಾ ಇದಾರಂತೆ.”

“ಆ ಇನ್ನೊಬ್ರು ನಾನು ತಗೊಳ್ಳೋವಾಗಲೂ ಕಾಯ್ತಾ ಇದ್ರು. ಇವತ್ತಿಗೂ ಕಾಯ್ತಾನೇ ಇದಾರೆ. ಅವಸರವೇ ಅಪಘಾತಕ್ಕೆ ಕಾರಣ ಅಂತ ಬಸ್ಸಲ್ಲಿ ಓದಿಲ್ವಾ?”

ಭಾವನ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಸಿಡಿದಳು.

“ಮ್ಯಾಚ್ ನೋಡೋಕೆ ಹೊಟ್ಟೆನೋವು ಅಂತ ರಜೆ ಹಾಕಿದ್ರಲ್ಲ ರೀ, ಅದೇ ಹೊಟ್ಟೆನೋವು ನಾಳೆ ಬರ್ಲಿ! ಮುಂಗಡ ಕೊಡೋದು ನನ್ನ ಉಳಿತಾಯದಿಂದ. ಮದುವೆಗೆ ಮುಂಚಿನಿಂದ ಕಾಲರ್ ಹೊಲಿದು ಕೂಡಿಟ್ಟಿದ್ದು. ಈ ಬೆರಳಿಗೆ ಸೂಜಿ ಹೊಕ್ಕ ಕಲೆ ಇನ್ನೂ ಇದೆ, ನೋಡಿ.”

ಸೋಮವಾರ ಬೆಳಿಗ್ಗೆ ಮೂವರೂ ಹೋದೆವು. ಗಲ್ಲಿ ಹೊಕ್ಕ ಕೂಡಲೇ ಚಪ್ಪಲಿಯೊಳಗೆ ಅಂಗಾಲು ಅದುರಿತು. ಧಡ್! ಮತ್ತೆ ಧಡ್! ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ತಗಡು ಒತ್ತುವ ಕಾರ್ಖಾನೆ. ನಿನ್ನೆ ಅದರ ಬಾಗಿಲು ಹಾಕಿತ್ತು. ಒಳಗೆ ಒಂದೊಂದು ಏಟಿಗೂ ಶೆಲ್ಫಿನ ಲೋಟಗಳು ಒಂದಿಷ್ಟು ಮುಂದೆ ಸರಿದು, ದಾರಕ್ಕೆ ತಾಗಿ ನಿಲ್ಲುತ್ತಿದ್ದವು. ಮಗುವಿನ ಕಿವಿಯಲ್ಲಿ ಹತ್ತಿ.

“ಮಗು ಹಗಲು ಕಣ್ಣು ಮುಚ್ಚಿದ್ದೇ ಇಲ್ಲ ಅಕ್ಕಾ!” ಆ ಹೆಂಗಸು ಕಿರುಚಿಯೇ ಮಾತಾಡಬೇಕಾಯಿತು. “ನಿಮ್ಮ ಮುಂದೆ ಬಾಯಿ ಬಿಟ್ರೆ ಅಡ್ವಾನ್ಸ್ ವಾಪಸ್ ಕೊಡಿಸಲ್ಲ ಅಂತ ಆ ಬ್ರೋಕರ್ ಹೆದರಿಸಿದಾನೆ. ನಮಗಿಂತ ಮುಂಚೆ ಇದ್ದೋರು ಮೂರೇ ತಿಂಗಳಿಗೆ ಓಡಿಹೋದ್ರು. ನಾವೂ ಹೊರಟಿದೀವಿ.”

ಅಕ್ಕ ಅಲ್ಲೇ ನಿಂತು ಸಕ್ಕರೆಬಾಯಿಗೆ ಫೋನ್ ಹಚ್ಚಿದಳು. ಅವನು “ಹೇಳಿ ಮೇಡಂ” ಎನ್ನುತ್ತಿದ್ದಂತೆ ಫೋನನ್ನು ಗೋಡೆಯ ಕಡೆ ಹಿಡಿದಳು. ಧಡ್! ಧಡ್!

“ಸೂಜಿ ಬಿದ್ದಿದ್ದು ಕೇಳಿಸ್ತಾ?”

ಅವನು ಫೋನ್ ಇಟ್ಟುಬಿಟ್ಟ.

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಗಲ್ಲಿಯ ತುದಿಗೆ ಬಂದಾಗ ಭಾವ ಗಂಟಲು ಸರಿಮಾಡಿಕೊಂಡರು. “ಈಗ ಬೆಲೆ ಇನ್ನೂ ಇಳಿಸ್ತಾನೆ ಕಣೇ. ನಾವೇನು ಅಲ್ಲಿ ಇರ್ತೀವಾ? ಇರೋರು ಇರ್ತಾರೆ.”

ಅಕ್ಕ ನಡುಬೀದಿಯಲ್ಲೇ ನಿಂತಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅವತ್ತೇ.

“ಏನಂದ್ರಿ? ಬಚ್ಚಲಲ್ಲಿ ಸೂರಿನ ನೀರು ತಲೆ ಮೇಲೆ ಬಿದ್ದಾಗ ನಮ್ಮ ಮಾಲೀಕನಿಗೆ ಏನೇನು ಬೈತೀರಿ, ಜ್ಞಾಪಕ ಇದೆಯಾ? ಅವನೂ ಇದನ್ನೇ ಅಂದಿರ್ತಾನೆ, ನಾನೇನು ಅಲ್ಲಿ ಇರ್ತೀನಾ ಅಂತ! ಇಡೀ ದಿನ ಮೆಷಿನ್ ಸದ್ದಲ್ಲಿ ಕೂತು ಬರೋಳು ನಾನು. ಮನೆಗೆ ಬಂದ ಮೇಲೂ ತಲೆ ಒಳಗೆ ಅದು ನಿಲ್ಲಲ್ಲ. ಆ ಕೂಸಿನ ನಿದ್ದೆ ಮಾರಿ ಬರೋ ಬಾಡಿಗೆ ನನಗೆ ಬೇಡ. ಪಾಪ ಪುಣ್ಯ ಬಿಡಿ, ಲೆಕ್ಕಾನೇ ಹೇಳ್ತೀನಿ. ಮೂರು ತಿಂಗಳಿಗೊಬ್ರು ಓಡಿಹೋದ್ರೆ ಕಂತು ಯಾರು ಕಟ್ತಾರೆ, ಸಕ್ಕರೆಬಾಯಿಯಾ?”

ಮನೆ ತಲುಪಿದ ಮೇಲೆ ಭಾವ ನರ್ಸಕ್ಕನನ್ನು ತಾವೇ ಕರೆದು, ಕುರ್ಚಿ ಎಳೆದು ಹಾಕಿದರು. “ಮೊದಲಿಂದ ಹೇಳಿ ನರ್ಸಮ್ಮ.”

“ಮೊದಲನೇದಾಗಿ, ಬಾಡಿಗೆ ಬರುತ್ತೆ ಅಂತ ಕೆಲಸ ಬಿಡ್ಬೇಡಿ. ಮನೆ ಖಾಲಿ ಬಿದ್ರೂ ಸಂಬಳದಿಂದ ಕಂತು ಕಟ್ಟೋಕೆ ಆಗ್ಬೇಕು, ಅಷ್ಟೇ ಸಾಲ ಮಾಡಿ. ಬಂದ ಬಾಡಿಗೇಲಿ ಒಂದು ಪಾಲು ರಿಪೇರಿಗೆ ಅಂತ ಎತ್ತಿಡಿ.”

“ನಾನು ಬಸ್ಸಲ್ಲಿದ್ದಾಗ ಅಲ್ಲಿ ನಲ್ಲಿ ಒಡೆದ್ರೆ?”

“ಅದಕ್ಕೇ ಡ್ಯೂಟಿ ಮುಗಿಸಿ ಹೋಗಿ ಬರೋಷ್ಟು ಹತ್ತಿರದ ಮನೆ ನೋಡಿ. ಹತ್ತಿರದ ಪ್ಲಂಬರ್ ನಂಬರ್ ಮೊದಲೇ ಬಾಡಿಗೆಯೋರ ಕೈಲಿರ್ಲಿ. ಪತ್ರಗಳನ್ನ ನಿಮ್ಮದೇ ವಕೀಲರಿಗೆ ತೋರಿಸಿ, ಬ್ರೋಕರ್ ಕರ್ಕೊಂಡು ಬಂದೋರಿಗಲ್ಲ. ಬಾಡಿಗೆ ಕರಾರು ಬರಹದಲ್ಲೇ ಇರ್ಲಿ. ಬಾಯಿಮಾತು ಬಾಯಲ್ಲೇ ಕರಗುತ್ತೆ.”

ಮನೆ ಸಿಗಲು ಬಹಳ ಕಾಲ ಹಿಡಿಯಿತು. ಕೊನೆಗೆ ಕೊಂಡದ್ದು ಒಂದೇ ಕೋಣೆ, ಒಂದು ಅಡುಗೆಮನೆ. ಅದನ್ನು ಕೆಲಸದ ದಿನ ನೋಡಿದೆವು, ಸಂಜೆ ನೋಡಿದೆವು, ಜೋರು ಮಳೆ ಬಂದಾಗಲೂ ನೋಡಿದೆವು. ಈಗ ಅಲ್ಲಿ ಬಾಡಿಗೆಗಿರುವುದು ಗಲ್ಲಿಯ ಅದೇ ಹೆಂಗಸು, ಅದೇ ಮಗು. ಹಳೆಯ ಅಡ್ವಾನ್ಸ್ ಕೈಗೆ ಬಾರದೆ ಅವಳು ಅಷ್ಟು ದಿನವೂ ಆ ಗಲ್ಲಿಯಲ್ಲೇ ಸಿಕ್ಕಿಕೊಂಡಿದ್ದಳು; ಅಕ್ಕನೇ ಜೊತೆಗೆ ಹೋಗಿ ಜಗಳ ಆಡಿ ಅದನ್ನು ಬಿಡಿಸಿಕೊಟ್ಟಳು. ಶೆಲ್ಫಿಗೆ ದಾರ ಕಟ್ಟಿಲ್ಲ. ನಾನು ಹೋದಾಗ ಮಗು ನೆಲದ ಮೇಲೆ ಕೈಕಾಲು ಚೆಲ್ಲಿ ಮಲಗಿತ್ತು, ನಡುಮಧ್ಯಾಹ್ನ.

ನಮ್ಮ ಬಚ್ಚಲು ಇವತ್ತಿಗೂ ಸೋರುತ್ತಿದೆ. ನಮ್ಮ ಮಾಲೀಕರು ಇವತ್ತಿಗೂ ಫೋನ್ ಎತ್ತುವುದಿಲ್ಲ. ಭಾವ ಮಾತ್ರ ಬಸ್ಸಿಳಿದ ಕೂಡಲೇ ಮೊದಲು ಬಾಡಿಗೆಯವರಿಗೆ ಫೋನ್ ಮಾಡುತ್ತಾರೆ.

ದುಡಿಯುವ ಅಕ್ಕಂದಿರೇ, ಅಣ್ಣಂದಿರೇ, ಮನೆ ಕೊಂಡು ಬಾಡಿಗೆಗೆ ಬಿಡುವ ಆಸೆ ನಿಮಗಿದ್ದರೆ ಬಿಡಬೇಡಿ. ಆದರೆ ನಿಮ್ಮ ಭಾನುವಾರವನ್ನು ನಂಬಿ ಮೂಗಿಗೆ ತುಪ್ಪ ಸವರಲು ಒಬ್ಬ ಕಾದು ಕುಳಿತಿದ್ದಾನೆ. ಒಂದು ದಿನದ ಸಂಬಳ ಹೋದರೆ ಹೋಗಲಿ, ಕೆಲಸದ ದಿನ ಹೋಗಿ ನೋಡಿ. ಅಲ್ಲಿರುವವರನ್ನು ಬ್ರೋಕರ್ ಇಲ್ಲದಾಗ ಮಾತಾಡಿಸಿ. ಮುಂಗಡ ಕೊಡುವ ಮುನ್ನ ಆ ಮನೆಯೊಳಗೆ ನಿಂತು ನಿಮ್ಮನ್ನೇ ಕೇಳಿಕೊಳ್ಳಿ: ನಾನು ಇಲ್ಲಿ ಮಲಗಿ ನಿದ್ದೆ ಮಾಡಬಲ್ಲೆನೆ? ಇಲ್ಲ ಎಂದರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು, ಬಾಗಿಲು ಎಳೆದುಕೊಂಡು ಹೊರಡಿ.